ವಿಜ್ಞಾನ ವಿಹಾರ: ಮಿಂಚಿನ ಹಿಂದೆ ಗುಡುಗು

ಬೇಸಗೆಯ ಕೊನೆಯಲ್ಲಿ, ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆಗಳು ಒಣಗುತ್ತಿರುವಾಗಲೇ ಮೋಡ ಕವಿದು ಗುಡುಗುವುದು ನಮ್ಮ ಗೃಹಿಣಿಯರಿಗೆಲ್ಲ ವಿದಿತವಾದ ಸಂಗತಿ. ಆಗ ಮೇಲಕ್ಕೆ ಓಡುವುದು ಯುಕ್ತವೇ ಎಂಬುದನ್ನು ನಿರ್ಣಯಿಸಲು ಶಬ್ದದ ವೇಗವೊಂದನ್ನು ತಿಳಿದಿದ್ದರೆ ಬಹುಮಟ್ಟಿಗೆ ಸಾಕು. ಈ ಸಲ ಅದನ್ನೇ ವಾಚಕರ ಮುಂದಿಡುತ್ತೇವೆ.

ಮಿಂಚು ಹರಿದ ಹಾದಿಯ ಗಾಳಿಯು ಕ್ಷಣಮಾತ್ರದಲ್ಲಿ ಸುಮಾರು 30,000 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯುವುದು. ಕಾದ ಗಾಳಿ ಸಿಡಿದು ಸುತ್ತಣ ಗಾಳಿಯನ್ನು ಅದುಮುವುದು. ಅದು ತನ್ನ ಮುಂದಿನದನ್ನು ಅದುಮುವುದು. ಜಾತ್ರೆಯ ಸಾಲಿನಲ್ಲಿ ಹಿಂದಿನವನೊಬ್ಬನು ನೂಕಿದರೆ, ಜನರು ನಿಂತಲ್ಲಿಯೇ ಇದ್ದರೂ ನೂಕು ಮಾತ್ರ ಗುಡಿಯ ಬಾಗಿಲವರೆಗೆ ಮುಟ್ಟುವುದಷ್ಟೆ? ಶಬ್ದದ ಅಲೆಯೂ ಹಾಗೆಯೇ. ಗಾಳಿಯ ಕಣಗಳು ತುಸು ಮುಂದಕ್ಕೂ ಹಿಂದಕ್ಕೂ ಅಲುಗುವುವೇ ಹೊರತು ಮೋಡದಿಂದ ನಮ್ಮ ಕಿವಿಯವರೆಗೆ ಪಯಣ ಮಾಡುವುದಿಲ್ಲ.

ಈ ನೂಕಿನ ವೇಗವನ್ನು 1738ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯವರು ಪ್ಯಾರಿಸ್ ನಗರದ ಬಳಿ ಫಿರಂಗಿಗಳನ್ನು ಹಾರಿಸಿ, ಬೆಂಕಿ ಕಂಡುದಕ್ಕೂ ಸದ್ದು ಕೇಳಿದುದಕ್ಕೂ ನಡುವಣ ಕಾಲವನ್ನೆಣಿಸಿ ಅಳೆದರು. ಸೊನ್ನೆ ಡಿಗ್ರಿಯ ತಣ್ಣನೆಯ ಗಾಳಿಯಲ್ಲಿ ಅದು ಸೆಕೆಂಡಿಗೆ 331 ಮೀಟರು. ನಮ್ಮ ಬೇಸಗೆಯ 30 ಡಿಗ್ರಿಯಲ್ಲಿ ಸುಮಾರು 349. ಬೆಳಕಿಗೆ ಹಿಡಿಯುವ ಹೊತ್ತು ಲೆಕ್ಕಕ್ಕೆ ಬಾರದು. ಆದುದರಿಂದ ಮಿಂಚು ಕಂಡೊಡನೆ ಎಣಿಸತೊಡಗಿ, 3 ಸೆಕೆಂಡಿಗೆ 1 ಕಿಲೋಮೀಟರಿನಂತೆ ದೂರವನ್ನು ಲೆಕ್ಕಹಾಕಬಹುದು.

ಗುಡುಗು ಒಂದೇ ಪೆಟ್ಟಿಗೆ ಮುಗಿಯದೆ ಉರುಳುವುದೇಕೆ? ಮಿಂಚಿನ ಹಾದಿಯು ಹಲವು ಕಿಲೋಮೀಟರು ಉದ್ದವಾಗಿರುವುದು. ಅದರ ಹತ್ತಿರದ ತುದಿ 1 ಕಿಲೋಮೀಟರು, ದೂರದ ತುದಿ 4 ಕಿಲೋಮೀಟರು ಇದ್ದರೆ ಮೊದಲ ಸದ್ದು 3ನೆಯ ಸೆಕೆಂಡಿಗೂ ಕೊನೆಯದು 12ನೆಯದಕ್ಕೂ ಬರುವುದು. ಏರುಸ್ವರಗಳನ್ನು ಗಾಳಿಯು ಬೇಗ ನುಂಗುವುದರಿಂದ ಹತ್ತಿರದ ಗುಡುಗು ಛಟೀರೆಂದೂ ದೂರದ್ದು ಬರಿಯ ಮೊರೆತವಾಗಿಯೂ ಕೇಳುವುದು. 15–20 ಕಿಲೋಮೀಟರಿನ ಆಚೆಯದು ಸಾಮಾನ್ಯವಾಗಿ ಕೇಳಿಸದು. ಮೇಲಣ ಗಾಳಿ ತಣ್ಣಗಿದ್ದು ಅಲ್ಲಿ ಶಬ್ದದ ನಡಿಗೆ ನಿಧಾನವಾದುದರಿಂದ, ಅಲೆಯು ಮೇಲ್ಮುಖವಾಗಿ ಬಾಗಿ ನಮ್ಮ ತಲೆಯ ಮೇಲೆ ಹಾದುಹೋಗುವುದು.

ಗುಡುಗಿದಾಗ ಮಕ್ಕಳಿಂದ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಸುವ ಅಜ್ಜಿಯರ ಪದ್ಧತಿ ನಮಗೂ ಪ್ರಿಯವೇ. ಮಕ್ಕಳ ಅಂಜಿಕೆ ಅದರಿಂದ ಕಳೆಯುವುದು. ಆದರೆ ಗುಡುಗು ಕಿವಿಗೆ ಬಿದ್ದವನು ಆ ಮಿಂಚಿನಿಂದ ಆಗಲೇ ಪಾರಾದವನು. ಅಂಜತಕ್ಕದ್ದು ಮುಂದಿನ ಮಿಂಚಿಗೆ. ಎಣಿಕೆ 30ರೊಳಗೆ ಮುಗಿದರೆ ಮಿಂಚು 10 ಕಿಲೋಮೀಟರಿನ ಒಳಗಿದೆ. ಮುಂದಿನದು ನಾವಿರುವೆಡೆಗೇ ಎರಗಬಹುದು. ಎಣಿಕೆ ಪ್ರತಿ ಸಲವೂ ಕಡಿಮೆಯಾಗುತ್ತ ಬಂದರೆ ಮೋಡ ಇತ್ತಲೇ ಬರುತ್ತಿದೆಯೆಂದು ತಿಳಿದು 30ಕ್ಕೂ ಕಾಯದೆ ಒಳಸೇರುವುದು ಲೇಸು. ಮಾಳಿಗೆ, ಹೊಲ, ಕೆರೆಯ ದಂಡೆ ಯಾವುದೂ ಆಗ ತಕ್ಕ ಎಡೆಯಲ್ಲ. ಸಂಡಿಗೆ ನೆನೆಯಲಿ. ಮರದಡಿಯಲ್ಲಿ ನಿಲ್ಲುವುದಂತೂ ಬಹಳ ಅಪಾಯ. ಮರಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದಲ್ಲಿ ನಿಂತವನ ಮೈಗೆ ಹಾರುವುದುಂಟು. ಮನೆಯೊಳಗಿದ್ದರೂ ಲೋಹದ ಕೊಳಾಯಿಯನ್ನು ಮುಟ್ಟಬಾರದು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮಕ್ಕಳನ್ನು ಅಂಗಳಕ್ಕೆ ಬಿಡಬಾರದು. ಮಳೆ ನಿಂತ ಬಳಿಕವೂ ಹಿಂದುಳಿದ ಮೋಡದಿಂದ ಸಿಡಿಲೆರಗುವುದುಂಟು.