ಗೋಡೆಯ ಚಿತ್ರ, ಹಿಂಬದಿಯ ಅಕ್ಷರ

ನಮ್ಮ ದೇಶದಲ್ಲಿ ಕಾಲಾಣೆಯ ಅಂಚೆಕಾರ್ಡು ಬಳಕೆಗೆ ಬಂದದ್ದು 1879ರಲ್ಲಿ. ಮುಂದೆ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹಿಗ್ಗಿನ್‌ಬಾಥಮ್ಸ್ ಮೊದಲಾದ ಮಳಿಗೆಯವರು ಬೆಂಗಳೂರಿನ ಬೀದಿ, ಕಟ್ಟಡಗಳ ಚಿತ್ರಕಾರ್ಡುಗಳನ್ನು ಪ್ರಕಟಿಸಿದರು. ಅಂತಹ ಹಳೆಯ ಕಾರ್ಡುಗಳನ್ನು ಈಗ ಗಣಕಯಂತ್ರದಲ್ಲಿ ತಿದ್ದಿ, ದೊಡ್ಡದಾಗಿ ಮುದ್ರಿಸಿ, ಗೋಡೆಯ ಅಲಂಕಾರಕ್ಕೆಂದು ಮಾರುತ್ತಿದ್ದಾರೆ.

ಮರೆತ ಊರು ಮತ್ತೆ ಕಣ್ಣೆದುರು ನಿಲ್ಲುವುದು ಸಂತೋಷವೇ ಸರಿ. ಆದರೆ ಮೊದಮೊದಲ ಕಾರ್ಡುಗಳಲ್ಲಿ ಹಿಂಬದಿಯು ವಿಳಾಸಕ್ಕೇ ಮೀಸಲಾಗಿದ್ದುದರಿಂದ, ಜನರು ಕ್ಷೇಮಸಮಾಚಾರವನ್ನು ಚಿತ್ರದ ಅಂಚಿನಲ್ಲಿಯೇ ಬರೆಯುತ್ತಿದ್ದರು. ಅದನ್ನು ಕಲೆಯೆಂದು ಅಳಿಸಿದರೆ ಚಿತ್ರ ಉಳಿದೀತು, ಮನುಷ್ಯನ ಮಾತು ಅಳಿದೀತು. ತಿದ್ದಿದ್ದೇನು, ಬಳಿದ ಬಣ್ಣವಾವುದು ಎಂಬುದನ್ನು ಕೊಳ್ಳುವವರಿಗೆ ತಿಳಿಸುವುದೇ ಸತ್ಯಶುದ್ಧ ಕಾಯಕವೆಂದು ನಾವು ಭಾವಿಸುತ್ತೇವೆ.

ಫ.ಗು. ಹಳಕಟ್ಟಿಯವರು ಮನೆಮನೆಗಳ ತಾಳೆಗರಿಗಳನ್ನು ಅರಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಅವರು ಅರಸಿದ್ದು ಗರಿಯ ಅಂದವನ್ನಲ್ಲ, ಅದರಲ್ಲಿದ್ದ ಅಕ್ಷರವನ್ನು.

ಬಿ.ದುರ್ಗದಂತಹ ನಮ್ಮ ಊರುಗಳ ಮನೆಗಳಲ್ಲಿಯೂ ಹಿರಿಯರ ಭಾವಚಿತ್ರಗಳು, ಕಾಗದಪತ್ರಗಳು ಪೆಟ್ಟಿಗೆಯ ತಳದಲ್ಲಿ ಗೆದ್ದಲಿಗೆ ಈಡಾಗುತ್ತಿವೆ. ಪ್ರತಿಯನ್ನು ಗೋಡೆಗೆ ಹಾಕಿರಿ; ಮೂಲವನ್ನು ತೇವ ತಾಗದಂತೆ ಜೋಪಾನವಾಗಿಡಿರಿ. ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಚಿತ್ರದಲ್ಲಿರುವವರ ಹೆಸರು, ಊರು, ವರ್ಷವನ್ನು ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಹಗುರವಾಗಿ ಬರೆಯಿರಿ. ಬಣ್ಣವನ್ನು ಯಾವಾಗ ಬೇಕಾದರೂ ತುಂಬಬಹುದು. ಹೆಸರು ಹೇಳಬಲ್ಲ ಹಿರಿಯರು ಸದಾಕಾಲ ನಮ್ಮೊಡನಿರುವುದಿಲ್ಲ.