ಅಜ್ಜಿಯ ಕ್ಯಾಪ್ಸೂಲ್ ಮತ್ತು ನಮ್ಮ ಮಿನಿ ಪ್ರಾಜೆಕ್ಟ್

ಕಳೆದ ತಿಂಗಳು ಅಜ್ಜಿಗೆ ಗಂಟಲು ಇನ್ಫೆಕ್ಷನ್ ಆಗಿತ್ತು. ಜೆ.ಪಿ. ನಗರದ ನಮ್ಮ ಮನೆ ಹತ್ತಿರದ ಮೆಡಿಕಲ್ ಶಾಪ್‌ನಿಂದ ಡಾಕ್ಟರ್ ಬರೆದುಕೊಟ್ಟ ಅಮಾಕ್ಸಿಸಿಲಿನ್ ತಂದೆ. "ಇದನ್ನ ಯಾವುದರಿಂದ ಮಾಡ್ತಾರೋ?" ಅಂದ್ರು. "ಮೂಲ ಬೂಷ್ಟು ಅಜ್ಜಿ" ಅಂದೆ. "ಉಪ್ಪಿನಕಾಯಿ ಮೇಲೆ ಬರುತ್ತಲ್ಲ, ಆ ತರಹದ್ದಾ? ಹಾಗಾದ್ರೆ ಇಷ್ಟು ವರ್ಷ ದುಡ್ಡನ್ನೇ ಬಿಸಾಕಿದೀನಿ!"

ಬೂಷ್ಟು ಇದ್ದರೆ ಸಾಕಾಗಲ್ಲ, ಅದೇ ವಿಷಯ. 1928ರಲ್ಲಿ ಫ್ಲೆಮಿಂಗ್ ಕಂಡ ಬೂಷ್ಟು ಪೆನ್ಸಿಲಿನ್ ಕೊಡುತ್ತಿದ್ದದ್ದು ತೀರಾ ಕಡಿಮೆ. 1941ರಲ್ಲಿ ಆಕ್ಸ್‌ಫರ್ಡ್‌ನ ಪೊಲೀಸ್ ಆಲ್ಬರ್ಟ್ ಅಲೆಕ್ಸಾಂಡರ್‌ಗೆ ಅದನ್ನು ಕೊಟ್ಟಾಗ ಚೇತರಿಸಿಕೊಳ್ಳತೊಡಗಿದರು. ಔಷಧ ಸಾಲದೆ, ಅವರ ಮೂತ್ರದಿಂದಲೇ ಮತ್ತೆ ತೆಗೆದು ಕೊಟ್ಟರು. ಆಮೇಲೆ ಅದೂ ಮುಗಿಯಿತು. ಅವರು ಉಳಿಯಲಿಲ್ಲ.

1943ರಲ್ಲಿ ಅಮೆರಿಕದ ಪಿಯೋರಿಯಾದಲ್ಲಿ ಬೂಷ್ಟು ಹಿಡಿದ ಒಂದು ಕರಬೂಜ ಹಣ್ಣಿನಲ್ಲಿ ಹೆಚ್ಚು ಪೆನ್ಸಿಲಿನ್ ಕೊಡುವ ತಳಿ ಸಿಕ್ಕಿತು. ಅದಕ್ಕೆ ಎಕ್ಸ್-ರೇ, ಆಮೇಲೆ ಅಲ್ಟ್ರಾವಯಲೆಟ್ ಬೆಳಕು ಹಾಯಿಸಿದರು. ಬಹುಪಾಲು ಬೀಜಕಣಗಳು ಸಾಯುತ್ತವೆ. ಬದುಕಿದವುಗಳ ಡಿಎನ್‌ಎ ಅಲ್ಲಲ್ಲಿ ಬದಲಾಗಿರುತ್ತದೆ. ಒಂದೊಂದು ಕಾಲನಿಯನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಆರಿಸಿ, ಮತ್ತೆ ಅದನ್ನೇ ಮಾಡೋದು. ಮಿಲಿಲೀಟರಿಗೆ ಬೆರಳೆಣಿಕೆಯ ಯೂನಿಟ್ ಇದ್ದದ್ದು ವಿಸ್ಕಾನ್ಸಿನ್‌ನ ಕ್ಯೂ-176 ತಳಿಯ ಹೊತ್ತಿಗೆ ಸಾವಿರದ ಹತ್ತಿರ ಬಂತು. ಸಿಎಸ್‌ನವರೇ, ನೀವು ಜೆನೆಟಿಕ್ ಆಲ್ಗರಿದಮ್ ಅಂತ ಓದೋದು ಇದನ್ನೇ, ಪೆಟ್ರಿ ಡಿಶ್‌ನಲ್ಲಿ.

ಈಗ ನಮ್ಮ ಕಡೆ ನೋಡಿ. 1950ರ ದಶಕದಲ್ಲೇ ಪುಣೆ ಹತ್ತಿರದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಪೆನ್ಸಿಲಿನ್ ಮಾಡುತ್ತಿತ್ತು. ಅದರ ಜೊತೆ ಸೇರಿ ನಮ್ಮ ರಾಜ್ಯ 1981ರಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಶುರು ಮಾಡಿತು. ಪೀಣ್ಯದಲ್ಲಿ ಅದರ ಕಾರ್ಖಾನೆ ಇದೆ. ಆಮೇಲೆ ಚೀನಾದ ಅಗ್ಗದ ಪೆನ್ಸಿಲಿನ್-ಜಿ ಬಂತು, ಇಲ್ಲಿನ ಫರ್ಮೆಂಟರ್‌ಗಳು ನಿಂತವು. ಅಮಾಕ್ಸಿಸಿಲಿನ್‌ಗೆ ಮೂಲವಸ್ತು ಈ ಪೆನ್ಸಿಲಿನ್-ಜಿ. ಕ್ಯಾಪ್ಸೂಲ್ ನಮ್ಮದು, ಒಳಗಿನ ಪುಡಿಯ ಮೂಲ ಹೊರಗಿನದು. 2020ರಲ್ಲಿ ಕೇಂದ್ರ ಪ್ರೋತ್ಸಾಹಧನ ಯೋಜನೆ ತಂದ ಮೇಲೆ, 2024ರಲ್ಲಿ ಕಾಕಿನಾಡದಲ್ಲಿ ಪೆನ್ಸಿಲಿನ್-ಜಿ ಘಟಕ ಉದ್ಘಾಟನೆ ಆಯ್ತು.

ಒಳ್ಳೆಯದೇ. ಆದ್ರೆ ಟ್ಯಾಂಕ್ ದುಡ್ಡು ಕೊಟ್ರೆ ಸಿಗುತ್ತೆ, ಅತ್ಯುತ್ತಮ ತಳಿಯನ್ನ ಯಾವ ಪ್ರತಿಸ್ಪರ್ಧಿಯೂ ಸುಮ್ನೆ ಕೊಡಲ್ಲ. ಚೀನಾದ ಅಗ್ಗಕ್ಕೆ ತಳಿಯೊಂದೇ ಕಾರಣ ಅಲ್ಲ, ದೊಡ್ಡ ಪ್ರಮಾಣದ ಉತ್ಪಾದನೆಯೂ ಇದೆ, ಒಪ್ತೀನಿ. ಆದರೂ ಅದೇ ಟ್ಯಾಂಕ್, ಅದೇ ಕರೆಂಟ್‌ನಲ್ಲಿ ಹೆಚ್ಚು ಔಷಧ ಕೊಡೋದು ತಳಿ. ಅದನ್ನ ಸುಧಾರಿಸೋ ಜನ ಇಲ್ಲೇ ತಯಾರಾಗಬೇಕು.

ನಾನು ಬಯೋಟೆಕ್ ತಗೊಂಡಾಗ "ಸಿಎಸ್ ಸಿಗಲಿಲ್ವಾ?" ಅಂತ ಕೇಳದ ನೆಂಟರಿಲ್ಲ. ನನ್ನ ಉತ್ತರ ಇಷ್ಟೇ: ಇದು ಒಂದು ಬ್ರಾಂಚಿನ ಕೆಲಸ ಅಲ್ಲ. ಸಾವಿರಾರು ಕಾಲನಿಗಳ ಫೋಟೋ ನೋಡಿ ಒಳ್ಳೆಯದನ್ನು ಆರಿಸೋಕೆ ಸಿಎಸ್ ಬೇಕು, ಫರ್ಮೆಂಟರ್‌ನ ಗಾಳಿ-ಉಷ್ಣತೆ ನೋಡೋಕೆ ಮೆಕ್ಯಾನಿಕಲ್, ಇಸಿ ಬೇಕು. ಮುಂದಿನ ಸೆಮ್ ಮಿನಿ ಪ್ರಾಜೆಕ್ಟ್‌ಗೆ ಮತ್ತೊಂದು ಅಟೆಂಡೆನ್ಸ್ ಆಪ್ ಮಾಡೋ ಬದಲು ಬಿಟಿ ಲ್ಯಾಬ್ ಕಡೆ ಒಮ್ಮೆ ಬನ್ನಿ. ರೋಗ ತರದ ಮಣ್ಣಿನ ಸೂಕ್ಷ್ಮಜೀವಿಯಿಂದ, ಮೇಡಂ ಒಪ್ಪಿಗೆ ಪಡೆದೇ ಶುರು ಮಾಡೋಣ.

ಅಂದಹಾಗೆ, ಅಜ್ಜಿ ಹುಷಾರಾದ್ರು. ಎರಡನೇ ದಿನಕ್ಕೇ ಮಾತ್ರೆ ನಿಲ್ಲಿಸ್ತೀನಿ ಅಂದ್ರು. ಬಿಡಲಿಲ್ಲ, ಡಾಕ್ಟರ್ ಹೇಳಿದಷ್ಟೂ ದಿನ ನುಂಗಿಸಿದೆ.