ಗದ್ದೆಯ ಮೀನು ಯಾವ ಲೆಕ್ಕದಲ್ಲಿದೆ?



ಭತ್ತದ ಖರ್ಚು ಬರೆಯುವಾಗ ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ, ಸಾಲದ ಬಡ್ಡಿ ಎಲ್ಲಾ ಬರೀತೀವಿ. ಒಂದು ಬಾಬ್ತು ಮಾತ್ರ ನಮ್ಮ ಲೆಕ್ಕದಲ್ಲೂ ಇಲ್ಲ, ಬೆಂಬಲ ಬೆಲೆ ಶಿಫಾರಸು ಮಾಡುವ ಆಯೋಗದ ಲೆಕ್ಕದಲ್ಲೂ ಇಲ್ಲ. ಅದು ಗದ್ದೆಯ ಮೀನು.

ಮಲೆನಾಡಿನವರಿಗೆ ಹತ್ತುಮೀನು ಅಂದ್ರೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನ ಹೊಸನೀರು ಹರಿದ ಕೂಡಲೆ ಮೊಟ್ಟೆ ಇಡಲು ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುತ್ತದೆ. ಅದರಲ್ಲಿ ಮುರುಗೋಡು ಗಟ್ಟಿ ಜೀವ. ನೀರಿನ ಹೊರಗಿನ ಗಾಳಿಯನ್ನೂ ಉಸಿರಾಡುತ್ತದೆ, ಕೆಸರಲ್ಲಿ ಹುದುಗಿ ಬೇಸಿಗೆ ಕಳೆಯುತ್ತದೆ. ಮುಳ್ಳು ಚುಚ್ಚಿದರೆ ಕೈ ಉರಿ. ಬೂದಿ ಹಾಕಿ ತಿಕ್ಕಿ, ಲೋಳೆ ತೆಗೆದು, ಹುಳಿ ಖಾರ ಹಾಕಿ ಸಾರು ಮಾಡಿ, ಮರುದಿನ ಅಕ್ಕಿರೊಟ್ಟಿ ಜೊತೆ ತಿಂದವನೇ ಬಲ್ಲ ಅದರ ರುಚಿ. ಕೂಲಿಯವನ ಮನೆಗೂ ಗೇಣಿದಾರನ ಮನೆಗೂ ಕಾಸಿಲ್ಲದೆ ಸಿಗುತ್ತಿದ್ದ ಸತ್ವದ ಊಟ ಅದು.

ಆ ಊಟ ಎಲ್ಲಿಗೆ ಹೋಯ್ತು? ಸಾಲ ಮಾಡಿ ತಂದ ಔಷಧಿ ಹುಳವನ್ನಷ್ಟೇ ಕೊಲ್ಲಲಿಲ್ಲ, ಗದ್ದೆ ನೀರಿನ ಮರಿಯನ್ನೂ ಕೊಂದಿತು. ಎಂಡೋಸಲ್ಫಾನ್ ಮೀನಿಗೆ ಘೋರ ವಿಷ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ, ಅದೂ ಕಾಸರಗೋಡು, ದಕ್ಷಿಣ ಕನ್ನಡದ ಜನ ನರಳಿದ ಮೇಲೆ. ಈಗ ನೋಡಿ, ಔಷಧಿಗೂ ದುಡ್ಡು ನಮ್ಮದೇ, ಪೇಟೆಯ ಮೀನಿಗೂ ದುಡ್ಡು ನಮ್ಮದೇ. ಒಂದೇ ಗದ್ದೆಗೆ ಎರಡು ಸಾಲ!

ಪೇಟೆಯಲ್ಲಿ ಮುರುಗೋಡು ಅಂತ ಕೊಡುವುದು ಎಷ್ಟೋ ಸಲ ಆಫ್ರಿಕನ್ ಕ್ಯಾಟ್‌ಫಿಶ್. ಬೇಗ ಬೆಳೆಯುತ್ತದೆ, ಕಂಡ ಮೀನನ್ನೆಲ್ಲ ನುಂಗುತ್ತದೆ. ಕೇಂದ್ರ ಸರ್ಕಾರ 2000ದಲ್ಲೇ ಇದರ ಸಾಕಣೆ ನಿಷೇಧಿಸಿದೆ. ಆದರೂ ಕೋಳಿ ಅಂಗಡಿಯ ಕಸ ಹಾಕಿ ಕದ್ದು ಸಾಕುತ್ತಾರೆ. ಮಳೆಗೆ ಹೊಂಡ ಒಡೆದು ಅದು ಹೊಳೆ ಸೇರಿದರೆ ನಮ್ಮ ನಾಟಿ ಮೀನಿನ ಗತಿ ಏನು?

ಸರ್ಕಾರವನ್ನು ಬೈದು ಸುಮ್ಮನಾದರೆ ಸಾಲದು. ಹೊಳೆಗೆ ತೋಟೆ ಹಾಕುವವನು, ಬ್ಲೀಚಿಂಗ್ ಪುಡಿ ಸುರಿಯುವವನು ದೆಹಲಿಯಿಂದ ಬರುವುದಿಲ್ಲ. ಒಂದು ಚೀಲ ಮೀನಿನ ಆಸೆಗೆ ಒಂದು ಮಡುವಿನ ವಂಶವೇ ಹೋಗುತ್ತದೆ. ಹತ್ತುಮೀನನ್ನು ಮೊಟ್ಟೆ ಸಮೇತ ಕಡಿದು ಹಾಕುವುದೂ ಬಿತ್ತನೆ ಬೀಜವನ್ನೇ ಕುಟ್ಟಿ ಅನ್ನ ಮಾಡಿದ ಹಾಗೆ. "ಅಜ್ಜನ ಕಾಲದಿಂದ ಹಿಡೀತಿದ್ವಿ" ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಅಜ್ಜನ ಗದ್ದೆಯಲ್ಲಿ ವಿಷ ಇರಲಿಲ್ಲ, ಮೀನು ತುಂಬಿಕೊಳ್ಳುತ್ತಿತ್ತು.

ಆದ್ದರಿಂದ ಪ್ರತಿ ಊರಿನ ರೈತರು ಕೂತು ಮೂರು ತೀರ್ಮಾನ ಮಾಡಿ. ಏರುವ ಮೀನಿಗೆ ದಾರಿ ಬಿಡಿ, ಮೊಟ್ಟೆ ಇಟ್ಟ ಮೇಲೆ ಬೇಕಾದಷ್ಟು ಹಿಡಿಯಿರಿ. ನೀರು ನಿಂತ ಗದ್ದೆಗೆ ಔಷಧಿ ಹೊಡೆಯುವ ಮುಂಚೆ ಅದು ಬೇಕೇ ಬೇಕಾ ಅಂತ ನಾಲ್ಕು ಜನ ಕೂಡಿ ನೋಡಿ. ಹೊಳೆಗೆ ವಿಷ ಹಾಕಿದವನನ್ನು, ಅವನು ನಮ್ಮ ನೆಂಟನೇ ಆಗಿರಲಿ, ಪಂಚಾಯ್ತಿ ಮುಂದೆ ನಿಲ್ಲಿಸಿ.

ಬೆಲೆಗಾಗಿ ಹೋರಾಡೋಣ, ಬಿಡುವುದು ಬೇಡ. ಜೊತೆಗೆ ದುಡ್ಡು ಕೊಡದೆ ಸಿಗುತ್ತಿದ್ದುದನ್ನೂ ಉಳಿಸಿಕೊಳ್ಳೋಣ. ಕೊಳ್ಳುವುದು ಕಡಿಮೆಯಾದಷ್ಟೂ ಸಾಲಗಾರನ ಬಾಗಿಲು ತಟ್ಟುವುದು ಕಡಿಮೆ.